ಮೊದಲ ಮೂರು ತಿಂಗಳು: ಮಾತ್ರೆ, ಗಂಜಿ, ಸ್ಕ್ಯಾನ್

ಬಸಿರಿನ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಮುಟ್ಟು ತಪ್ಪಿತು ಎನ್ನುವಾಗಲೇ ನಾಲ್ಕು ವಾರ ಕಳೆದಿರುತ್ತದೆ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಆರನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬಸಿರಿಗೆ ಮೊದಲೇ ಶುರುವಾಗಬೇಕು, ಆಗಿಲ್ಲವಾದರೆ ಇವತ್ತೇ. ಸಕ್ಕರೆ ಕಾಯಿಲೆಯವರಿಗೆ, ಅಪಸ್ಮಾರದ ಮಾತ್ರೆ ನುಂಗುವವರಿಗೆ ಪ್ರಮಾಣ ಬೇರೆ, ಡಾಕ್ಟರೇ ಹೇಳಬೇಕು.

ವಾಕರಿಕೆ ಆರನೇ ವಾರದ ಆಸುಪಾಸಿನಲ್ಲಿ ಶುರುವಾಗಿ, ಒಂಬತ್ತರ ಹೊತ್ತಿಗೆ ಜೋರಾಗಿ, ಹೆಚ್ಚಿನವರಿಗೆ 14ರೊಳಗೆ ಇಳಿಯುತ್ತದೆ. ಖಾಲಿ ಹೊಟ್ಟೆ ಅದನ್ನು ಕೆರಳಿಸುತ್ತದೆ. ಏಳುವ ಮೊದಲು ಹಾಸಿಗೆಯಲ್ಲೇ ಒಂದು ರಸ್ಕ್, ಆಮೇಲೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ತಿಳಿಯಂತೂ ನಮ್ಮ ಕರಾವಳಿಯ ಭಾಗ್ಯ! ಮೀನು ಹುರಿಯುವ ವಾಸನೆ ಆಗದಿದ್ದರೆ ಒಲೆ ಬೇರೆಯವರಿಗೆ ಬಿಡಿ. ತಿನ್ನಲಾದರೆ ಬೂತಾಯಿ, ಬಂಗುಡೆ ಒಳ್ಳೆಯದು. ಶಾರ್ಕ್ ಬೇಡ, ಪಾದರಸ ಹೆಚ್ಚು. ಕಬ್ಬಿಣದ ಮಾತ್ರೆ ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ, ಅದು ವಾಕರಿಕೆ ಹೆಚ್ಚಿಸಬಹುದು. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಕಡುಹಳದಿಯಾದರೆ ಆಸ್ಪತ್ರೆಗೆ ಹೋಗಿ, ಡ್ರಿಪ್ ಬೇಕಾಗಬಹುದು.

ತಾಯಿ ಕಾರ್ಡ್ 12 ವಾರದೊಳಗೆ ಮಾಡಿಸಿ. ಆಶಾ ಕಾರ್ಯಕರ್ತೆಗೆ ಹೇಳಿದರಾಯಿತು. ಮಗುವಿನ ಕತ್ತಿನ ಹಿಂದಿನ ದ್ರವದ ದಪ್ಪ ಅಳೆಯುವ ಎನ್‌ಟಿ ಸ್ಕ್ಯಾನ್ ಮಾತ್ರ 11 ವಾರದಿಂದ 13 ವಾರ 6 ದಿನದೊಳಗೇ ಆಗಬೇಕು.

ಒಂದು ಬದಿಗೆ ತೀವ್ರ ಹೊಟ್ಟೆನೋವು, ಭುಜದ ತುದಿಯ ನೋವು, ತಲೆಸುತ್ತು ಬಂದರೆ ರಕ್ತಸ್ರಾವ ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೊರಡಿ, ಬಸಿರು ಗರ್ಭನಾಳದಲ್ಲಿ ನಿಂತಿರಬಹುದು. ಮಂಗಳೂರಿನ ಮಳೆಗಾಲದಲ್ಲಿ ಜ್ವರ ಬಂದರೆ ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ, ಬಸುರಿ ಎಂದು ಮೊದಲೇ ಹೇಳಿ. ಮದ್ದು ಅದಕ್ಕೆ ತಕ್ಕಂತೆ ಬದಲಾಗುತ್ತದೆ.