ವೇಣೀಸಂಹಾರ ರಿಹರ್ಸಲ್, ಐದನೇ ವಾರ: ಭೀಮನ ಕೈ

ಈ ಸಂಸ್ಕೃತ ನಾಟಕದ ಆರು ಅಂಕಗಳಲ್ಲಿ ಐದು ಒಂದು ಹದಕ್ಕೆ ಬಂದಿವೆ. ಆರನೆಯದು ಇನ್ನೂ ಕೂತಿಲ್ಲ. ಕಾರಣ ಭೀಮನ ಕೈ.

ಮೊದಲ ಅಂಕದಲ್ಲೇ ಕವಿ ಭಟ್ಟನಾರಾಯಣ ದ್ರೌಪದಿಯೆದುರು ಭೀಮನಿಂದ ಪ್ರತಿಜ್ಞೆ ಮಾಡಿಸಿಬಿಡುತ್ತಾನೆ: ಗದೆಯಿಂದ ಸುಯೋಧನನ (ದುರ್ಯೋಧನನ) ತೊಡೆ ಪುಡಿ ಮಾಡಿ, ‘ಸ್ತ್ಯಾನಾವನದ್ಧಘನಶೋಣಿತಶೋಣಪಾಣಿ’ಯಾಗಿ ಬಂದು ನಿನ್ನ ಕೂದಲನ್ನು ಸಿಂಗರಿಸುತ್ತೇನೆ ಎಂದು. ಸ್ತ್ಯಾನ ಅಂದರೆ ಹೆಪ್ಪುಗಟ್ಟಿದ್ದು. ಕವಿ ಕೇಳಿರುವುದು ಸುರಿಯುವ ರಕ್ತವನ್ನಲ್ಲ, ಕೈಗೆ ಅಂಟಿ ದಪ್ಪವಾದ ರಕ್ತವನ್ನು.

ಯುದ್ಧ, ಮರಣಗಳನ್ನು ಅಂಕದೊಳಗೆ ಪ್ರತ್ಯಕ್ಷ ತೋರಿಸಬಾರದೆಂಬುದು ನಾಟ್ಯಶಾಸ್ತ್ರದ ಕಟ್ಟಳೆ. ಇಂದಿನ ಪ್ರೇಕ್ಷಕರಿಗೆ ಇದು ಸಪ್ಪೆಯಾದೀತೆಂದು ದುಶ್ಶಾಸನವಧೆಯನ್ನು ಕೆಂಪು ಬೆಳಕಿನ ನೆರಳಾಟದಲ್ಲಿ ಎರಡು ದಿನ ಮಾಡಿ ನೋಡಿ ಕೈಬಿಟ್ಟೆವು. ಕೊಲೆಯನ್ನು ಕಣ್ಣಾರೆ ಕಂಡ ಮೇಲೆ ನಾಲ್ಕನೇ ಅಂಕದಲ್ಲಿ ದೂತ ಸುಂದರಕ ಕರ್ಣನ ಮಗ ವೃಷಸೇನನ ಸಾವನ್ನು ಬರೀ ಮಾತಲ್ಲಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಕೊನೆಯಲ್ಲಿ ಬರುವ ಕೆಂಪು ಕೈಯೂ ಹಳೆಯದನ್ನೇ ಮತ್ತೆ ತೋರಿಸಿದಂತಾಗುತ್ತದೆ. ರನ್ನನ ಗದಾಯುದ್ಧ ಬಲ್ಲವರಿಗೆ ಮುಡಿ ಕಟ್ಟುವುದು ಗೊತ್ತಿರುವ ಸಂಗತಿಯೇ. ಅವರನ್ನು ಹಿಡಿದು ಕೂರಿಸುವುದು ಆ ಕೈಗಾಗಿ ಕಾಯುವುದು.

ಸುಂದರಕನ ಮಾತನ್ನು ಆರು ನಿಮಿಷಕ್ಕೆ ಇಳಿಸಿದ್ದೇವೆ. ಬಾಣಕ್ಕೊಂದು ಮೃದಂಗದ ಪೆಟ್ಟು ಇಟ್ಟಿದ್ದೆವು, ಮಾತೇ ಕೇಳಿಸಲಿಲ್ಲ. ಈಗ ಆ ಆರು ನಿಮಿಷ ವಾದ್ಯವೇ ಇಲ್ಲ.

ಇನ್ನು ರಕ್ತ. ಮೊದಲು ಅರಿಶಿನ-ಸುಣ್ಣದ ಓಕುಳಿಯನ್ನೇ ಗಟ್ಟಿ ಮಾಡಿದೆವು. ಅಗ್ಗ, ಬಣ್ಣವೂ ಚೆನ್ನ. ಆದರೆ ಸುಣ್ಣದ ಕ್ಷಾರ ಇರುವವರೆಗೆ ಮಾತ್ರ ಅದು ಕೆಂಪು. ಬೆವರಿನ ಹುಳಿ ತಾಗಿದರೆ ಹಳದಿಗೆ ತಿರುಗುತ್ತದೆ, ಸಾಲದ್ದಕ್ಕೆ ಸುಣ್ಣ ಚರ್ಮವನ್ನು ಉರಿಸುತ್ತದೆ. ಒಗೆಯುವಾಗ ತದ್ವಿರುದ್ಧ: ಹಳದಿ ಕಲೆಗೆ ಸಾಬೂನು ತಾಗಿದೊಡನೆ ಮತ್ತೆ ಕೆಂಪು.

ಈಗಿನ ಅಳತೆ ಎರಡು ಪಾಕಗಳದು. ಒಣ ಪದರಕ್ಕೆ 100 ಮಿಲಿ ನೀರಿಗೆ ಎರಡು ಟೀಚಮಚ ಕಾರ್ನ್‌ಫ್ಲೋರ್. ಸಣ್ಣ ಉರಿಯಲ್ಲಿ ಗಂಜಿ ಪಾರದರ್ಶಕವಾಗುವ ತನಕ ಕುದಿಸಿ, ಆರಿದ ಮೇಲೆ ಅರ್ಧ ಟೀಚಮಚ ಕೆಂಪು ಜೆಲ್ ಬಣ್ಣ, ಒಂದು ಟೀಚಮಚ ಕೋಕೋ ಪುಡಿ. ಪ್ರವೇಶಕ್ಕೆ 20 ನಿಮಿಷ ಮೊದಲು ಮೊಣಕೈವರೆಗೆ ತೆಳ್ಳಗೆ ಹಚ್ಚಬೇಕು. ದಪ್ಪವಾದರೆ ಹಕ್ಕಳೆಯಾಗಿ ಉದುರುತ್ತದೆ. ಹಸಿ ಪದರಕ್ಕೆ 50 ಮಿಲಿ ಲಿಕ್ವಿಡ್ ಗ್ಲೂಕೋಸ್, ಒಂದು ಟೀಚಮಚ ನೀರು, ಅದೇ ಬಣ್ಣ, ಎರಡು ಹನಿ ನೀಲಿ. ಇದು ಒಣಗುವುದಿಲ್ಲ, ಅಂಗೈಗೆ ಮಾತ್ರ. ಉಳಿದದ್ದನ್ನು ಫ್ರಿಜ್ಜಿನಲ್ಲಿ ಮುಚ್ಚಿಡಿ. ಗ್ಲೂಕೋಸ್ ತಾಗಿದ ಬಟ್ಟೆಯನ್ನು ಅದೇ ರಾತ್ರಿ ನೆನೆಸದಿದ್ದರೆ ಬೆಳಗ್ಗೆ ಇರುವೆ ಮುತ್ತಿರುತ್ತವೆ.

ತಿನ್ನುವ ಬಣ್ಣ ರೇಷ್ಮೆ, ಉಣ್ಣೆ, ಕೂದಲುಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಿಸಿ ತಾಗಿದರೆ ಕೂತೇಬಿಡುತ್ತದೆ. ಆದ್ದರಿಂದ ದ್ರೌಪದಿಗೆ ಪಾಲಿಯೆಸ್ಟರ್ ಸೀರೆ, ತಣ್ಣೀರಿನ ಒಗೆತ. ಅಸಲಿ ಕೂದಲಿಗೆ ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಸಿಂಥೆಟಿಕ್ ಚೌರಿ.

ನಿಜವಾದ ತೊಡಕು ಕ್ರಮದಲ್ಲಿದೆ. ಭೀಮ ಸತ್ತನೆಂದು ಮುನಿವೇಷದ ರಾಕ್ಷಸ ಚಾರ್ವಾಕ ಹೇಳಿದ ಸುಳ್ಳನ್ನು ನಂಬಿದ ಧರ್ಮರಾಯ, ರಕ್ತ ಮೆತ್ತಿಕೊಂಡು ಬಂದವನನ್ನು ದುರ್ಯೋಧನನೆಂದೇ ತಿಳಿದು ಭೀಮನನ್ನು ಅಪ್ಪಿ ಹಿಡಿಯುತ್ತಾನೆ. ಆ ಹಿಡಿತದಲ್ಲಿ ಅವನ ಬಿಳಿ ಉತ್ತರೀಯಕ್ಕೆ ಒಂದು ಅಂಗೈ ಗುರುತು ಬೀಳಲೇಬೇಕು. ಈ ಸೇಡು ಭೀಮನೊಬ್ಬನದಲ್ಲ ಎನ್ನುವುದಕ್ಕೆ ಅಷ್ಟು ಸಾಕು. ಆದರೆ ಗುರುತು ಬಿದ್ದಾಗ ಅಂಗೈ ಒರೆಸಿಹೋಗಿ, ಮುಡಿ ಕಟ್ಟುವ ಹೊತ್ತಿಗೆ ಕೈ ಬೆಳ್ಳಗೆ ಕಾಣುತ್ತದೆ. ಬಲಗೈಯನ್ನು ಧರ್ಮರಾಯನಿಗೂ ಎಡಗೈಯನ್ನು ಮುಡಿಗೂ ಮೀಸಲಿಟ್ಟು ನೋಡಿದೆವು. ಒಂದೇ ಕೈಯಲ್ಲಿ ಗಂಟು ಬರುವುದಿಲ್ಲ. ಈಗ ಭೀಮನ ನಡುಪಟ್ಟಿಯ ಒಳಬದಿಗೆ ಪ್ಲಾಸ್ಟಿಕ್ ಹಾಸಿ 3 ಸೆಂ.ಮೀ. ಚೌಕದ ಸ್ಪಂಜು ಹೊಲಿದಿದ್ದೇವೆ. ಗದೆಯನ್ನು ನೆಲಕ್ಕಿಡಲು ಬಗ್ಗುವಾಗ ಅಂಗೈ ಅಲ್ಲಿ ಒತ್ತಿ ಬರುತ್ತದೆ. ಎರಡು ಟೀಚಮಚಕ್ಕಿಂತ ಹೆಚ್ಚು ತುಂಬಿದರೆ ಕಚ್ಚೆಗೆ ಇಳಿಯುತ್ತದೆ.

ಗಂಟು ಕಟ್ಟಲು 90 ಸೆಕೆಂಡು ಹಿಡಿಯುತ್ತಿತ್ತು, ಬೆರಳಿಗೆ ಎಳೆಗಳು ಅಂಟಿ. ಚೌರಿಯನ್ನು ಮೊದಲೇ ಎರಡು ಪಾಲು ಮಾಡಿ, ಬುಡದಲ್ಲಿ ಕಪ್ಪು ಎಲಾಸ್ಟಿಕ್ ಹಾಕಿದ ಮೇಲೆ 35 ಸೆಕೆಂಡಿಗೆ ಇಳಿದಿದೆ. ಅಷ್ಟು ಹೊತ್ತು ಮಾತು ಬೇಡ.

ಮೂರನೇ ಅಂಕದ ರಾಕ್ಷಸ ದಂಪತಿಯನ್ನು ತೆಗೆಯಿರಿ ಎಂಬ ಸಲಹೆ ಬಂದಿದೆ. ತೆಗೆಯುವುದಿಲ್ಲ. ದುಶ್ಶಾಸನನ ರಕ್ತವನ್ನು ಕುಡಿಯುವುದು ಭೀಮನ ಮೈಹೊಕ್ಕ ರಾಕ್ಷಸ ಎಂಬ ಏರ್ಪಾಟು ತಿಳಿಯುವುದು ಆ ದಂಪತಿಯಲ್ಲಿ ಗಂಡನಾದ ರುಧಿರಪ್ರಿಯನ ಮಾತಿನಿಂದಲೇ. ಭೀಮನನ್ನು ಪೂರ್ತಿ ರಕ್ತಪಾನಿಯಾಗಿಸಲು ಕವಿಗೂ ಮನಸ್ಸಾಗಲಿಲ್ಲ, ಆ ಹಿಂಜರಿಕೆ ಪ್ರೇಕ್ಷಕರಿಗೂ ಕಾಣಲಿ. ಜನ ನಗುತ್ತಾರೆ, ನಗಲಿ, ಅದರ ಬೆನ್ನಿಗೇ ಅಶ್ವತ್ಥಾಮನಿಗೆ ತಂದೆಯ ಸಾವಿನ ಸುದ್ದಿ ಇದೆ.

ಮುಂದಿನ ವಾರ ಬೆಳಕು. ನೀಲಿಯಲ್ಲಿ ಕೈ ಪೂರಾ ಕಪ್ಪು, ಆಂಬರ್‌ನಲ್ಲಿ ಇಟ್ಟಿಗೆ ಬಣ್ಣ. ಮುಂದಿನಿಂದ ಬೆಚ್ಚನೆಯ ಬಿಳಿ ಮಾತ್ರ ಇಟ್ಟು, ಕೋಕೋವನ್ನು ಅರ್ಧಕ್ಕೆ ಇಳಿಸಿ, ಕೊನೆಯ ಸಾಲಿನಲ್ಲಿ ಕೂತು ನೋಡಬೇಕು.