ಜಿಫಿಯೋ ಮಿಲಿಸೆಕೆಂಡೋ: ಹಳೇ ಕರ್ನಲ್‌ಗೆ ಪ್ಯಾಚ್ ಇಳಿಸುವ ಮುಂಚೆ

ಲಿನಕ್ಸ್ ಡ್ರೈವರ್ ಒಂದರಲ್ಲಿ ಸ್ಕೆಡ್ಯೂಲ್_ಟೈಮ್‌ಔಟ್(100) ಅಂತಿದ್ದರೆ ಅದು ಎಷ್ಟು ಹೊತ್ತು ಕಾಯುತ್ತದೆ? ಕರ್ನಲ್ ಬಿಲ್ಡ್ ಮಾಡಿದವರನ್ನೇ ಕೇಳಬೇಕು. ಆ ಫಂಕ್ಷನ್ ತೆಗೆದುಕೊಳ್ಳುವುದು ಜಿಫಿ ಲೆಕ್ಕ, ಅಂದರೆ ಕರ್ನಲ್‌ನ ಟೈಮರ್ ಎಷ್ಟು ಟಿಕ್ ಹೊಡೆಯುವವರೆಗೆ ಕಾಯಬೇಕು ಎಂಬ ಲೆಕ್ಕ. ಸೆಕೆಂಡಿಗೆ ಎಷ್ಟು ಜಿಫಿ ಅನ್ನುವುದು ಬಿಲ್ಡ್ ಮಾಡುವಾಗ ಆರಿಸುವ ಕಾನ್ಫಿಗ್_ಎಚ್‌ಝಡ್ (ಕೋಡ್‌ನಲ್ಲಿ ಬರೀ ಎಚ್‌ಝಡ್) ಕೈಯಲ್ಲಿದೆ. ಎಚ್‌ಝಡ್ 1000 ಆದರೆ 100 ಮಿಲಿಸೆಕೆಂಡ್, 250 ಆದರೆ 400, 100 ಆದರೆ ಪೂರ್ತಿ ಒಂದು ಸೆಕೆಂಡ್. 1000 ಇರುವ ಮೆಷಿನ್‌ನಲ್ಲಿ ಜಿಫಿಯೂ ಮಿಲಿಸೆಕೆಂಡೂ ಒಂದೇ ಆಗಿಬಿಡುವುದರಿಂದ ಮಿಲಿಸೆಕೆಂಡ್ ಅಂದುಕೊಂಡು 100 ಬರೆದಿದ್ದರೂ ಅಲ್ಲಿ ಟೆಸ್ಟ್ ಮಾಡಿದರೆ ತಪ್ಪು ಕಣ್ಣಿಗೇ ಬೀಳದು.

ಹಾಗಂತ ನೋಡಿದ ತಕ್ಷಣ, ಮಿಲಿಸೆಕೆಂಡನ್ನು ಜಿಫಿಗೆ ಪರಿವರ್ತಿಸುವ ಫಂಕ್ಷನ್ ಹಾಕಿ ಎಂಸೆಕ್ಸ್_ಟು_ಜಿಫೀಸ್(100) ಎಂದು ಬದಲಿಸಬೇಡಿ. 2.4 ಆವೃತ್ತಿಯ ಕಾಲದ ಐ386 (32-ಬಿಟ್ ಇಂಟೆಲ್ ಪಿಸಿ) ಕರ್ನಲ್‌ನಲ್ಲಿ ಎಚ್‌ಝಡ್ 100 ಇತ್ತು. ಕೋಡ್ ಅಷ್ಟು ಹಳೆಯದಾದರೆ ಬರೆದವರಿಗೆ ಬೇಕಾಗಿದ್ದದ್ದು ಒಂದು ಸೆಕೆಂಡೇ ಇರಬಹುದು. ಚಿಪ್‌ನ ಡೇಟಾಶೀಟ್‌ನಲ್ಲಿ ರೀಸೆಟ್ ಸಮಯ ಎಷ್ಟಿದೆ ನೋಡಿ, ಆಮೇಲೆ ಕೈ ಹಾಕಿ.

ಉಲ್ಟಾ ತಪ್ಪೂ ಉಂಟು: ಎಂಸೆಕ್ಸ್_ಟು_ಜಿಫೀಸ್(5 * ಎಚ್‌ಝಡ್). 5 * ಎಚ್‌ಝಡ್ ಅಂದರೇನೇ ಐದು ಸೆಕೆಂಡಿನ ಜಿಫಿ, ಅದನ್ನು ಮತ್ತೆ ಪರಿವರ್ತಿಸಿದಂತಾಯಿತು. ಎಚ್‌ಝಡ್ 250 ಇರುವಲ್ಲಿ 1250 ಒಳಗೆ ಹೋಗಿ 313 ಜಿಫಿಯಾಗಿ ಹೊರಬರುತ್ತದೆ. ಐದು ಸೆಕೆಂಡ್ ಕಾಯಬೇಕಾದದ್ದು ಒಂದೂಕಾಲು ಸೆಕೆಂಡಿಗೇ ಕೈಬಿಡುತ್ತದೆ. ನಿಧಾನದ ಡಿಸ್ಕ್ ಇದ್ದವರಿಗೆ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ, ಟೈಮ್‌ಔಟ್ ಎರರ್. ಬೈಗುಳ ಹಾರ್ಡ್‌ವೇರ್‌ಗೆ.

ಮೇನ್‌ಲೈನ್‌ನಲ್ಲಿ, ಅಂದರೆ ಲಿನಕ್ಸ್‌ನ ಮುಖ್ಯ ಕೋಡ್‌ನಲ್ಲಿ, ಸರಿಪಡಿಸುವುದು ಒಂದೇ ಸಾಲಿನ ಕೆಲಸ. ಯಾವ ಸಾಲು ಯಾವ ಬದಲಾವಣೆಯಲ್ಲಿ ಬಂತೆಂದು ತೋರಿಸುವ ಗಿಟ್ ಬ್ಲೇಮ್‌ನಿಂದ ತಪ್ಪು ನುಸುಳಿದ ಕಮಿಟ್ ಹಿಡಿದು, ಅದರ ಹ್ಯಾಶ್‌ನ (ಗುರುತಿನ ಸಂಖ್ಯೆಯ) ಮೊದಲ 12 ಅಕ್ಷರ ಪ್ಯಾಚ್‌ನ ಫಿಕ್ಸಸ್ ಟ್ಯಾಗ್‌ಗೆ ಹಾಕಿ; ಹಳೇ ಆವೃತ್ತಿಗಳನ್ನು ನೋಡಿಕೊಳ್ಳುವವರ ಸ್ಟೇಬಲ್ ಪಟ್ಟಿಗೆ ಸಿಸಿ ಇರಲಿ. ಗಿಟ್ ಡಿಸ್ಕ್ರೈಬ್ --ಕಂಟೇನ್ಸ್ ಕೊಟ್ಟರೆ ಆ ಕಮಿಟ್ ಯಾವ ಆವೃತ್ತಿಯಲ್ಲಿ ಬಂತೆಂದು ತಿಳಿಯುತ್ತದೆ. ಅದಕ್ಕಿಂತ ಹಳೆಯ ಬ್ರಾಂಚ್‌ಗಳ ತಂಟೆಗೆ ಹೋಗಬೇಕಿಲ್ಲ, ತಪ್ಪಿನ ಕಮಿಟ್ಟೇ ಅಲ್ಲಿಗೆ ಬ್ಯಾಕ್‌ಪೋರ್ಟ್ ಆಗಿದ್ದರೆ (ಹಳೇ ಆವೃತ್ತಿಗೆ ಇಳಿದಿದ್ದರೆ) ಮಾತು ಬೇರೆ.

ಪೇಚು ಇರುವುದು ಇಲ್ಲಿಂದ ಮುಂದೆ. ಆ ಕಮಿಟ್ಟನ್ನು ಹಳೇ ಬ್ರಾಂಚ್‌ಗೆ ತರಲು ಗಿಟ್ ಚೆರಿ-ಪಿಕ್ -ಎಕ್ಸ್ ಮಾಡಿದಾಗ ಕಾನ್‌ಫ್ಲಿಕ್ಟ್ ಬಂದರೆ ಪುಣ್ಯ, ಕೂತು ಓದುತ್ತೀರಿ. ಸಲೀಸಾಗಿ ಕೂತುಬಿಟ್ಟ ಪ್ಯಾಚ್‌ನದೇ ಭಯ. ಮೇನ್‌ಲೈನ್‌ನಲ್ಲಿ ಯಾರೋ ನಡುವೆ ಸ್ಟ್ರಕ್ಟ್‌ನ ಟೈಮ್‌ಔಟ್ ಬೆಲೆಯನ್ನು 5 * ಎಚ್‌ಝಡ್‌ನಿಂದ 5000ಕ್ಕೆ ಬದಲಿಸಿದ್ದಾರೆ, ಫೀಲ್ಡ್‌ನ ಹೆಸರು ಹಾಗೇ ಇದೆ ಅಂದುಕೊಳ್ಳಿ. ಹಳೇ ಬ್ರಾಂಚ್‌ನಲ್ಲಿ ಅದು ಇನ್ನೂ ಜಿಫಿಯೇ. ಆ ಫೀಲ್ಡನ್ನು ಎಂಸೆಕ್ಸ್_ಟು_ಜಿಫೀಸ್ ಒಳಗೆ ಹಾಕುವ ನಿಮ್ಮ ಪ್ಯಾಚ್ ಅಲ್ಲಿ ಹೋಗಿ ಕೂತು, ಇಲ್ಲದ ತಪ್ಪನ್ನು ಹುಟ್ಟಿಸುತ್ತದೆ: ಮೇಲೆ ಹೇಳಿದ ಅದೇ ಎರಡು ಸಲದ ಪರಿವರ್ತನೆ. ಆದ್ದರಿಂದ ಪ್ರತಿ ಬ್ರಾಂಚ್‌ನಲ್ಲೂ ಆ ಫೀಲ್ಡ್‌ಗೆ ಬೆಲೆ ತುಂಬುವ ಜಾಗಗಳನ್ನೆಲ್ಲ ಗಿಟ್ ಗ್ರೆಪ್ ಮಾಡಿ (ಹುಡುಕಿ) ನೋಡಲೇಬೇಕು.

ಸೆಕೆಂಡನ್ನು ಜಿಫಿಗೆ ಪರಿವರ್ತಿಸುವ ಸೆಕ್ಸ್_ಟು_ಜಿಫೀಸ್ ಮೇನ್‌ಲೈನ್‌ಗೆ ಬಂದದ್ದು 6.13ರಲ್ಲಿ. ಹಳೇ ಬ್ರಾಂಚ್‌ನಲ್ಲಿ ಇಲ್ಲದಿದ್ದರೆ 5 * ಎಚ್‌ಝಡ್ ಎಂದು ಬರೆದರಾಯಿತು.

ಮಾಡ್ಯೂಲ್ ಪ್ಯಾರಾಮೀಟರ್‌ನ (ಬಳಕೆದಾರರೇ ಹೊಂದಿಸಬಹುದಾದ ಬೆಲೆಯ) ಮಾನವನ್ನು, ಅಂದರೆ ಅದು ಜಿಫಿಯೋ ಮಿಲಿಸೆಕೆಂಡೋ ಎಂಬುದನ್ನು ಮಾತ್ರ ಸ್ಟೇಬಲ್‌ನಲ್ಲಿ ಮುಟ್ಟಬೇಡಿ. ಬಳಕೆದಾರರು ಕಾನ್ಫಿಗ್ ಫೈಲ್‌ನಲ್ಲಿ ಈಗಾಗಲೇ ಬರೆದಿಟ್ಟ ಸಂಖ್ಯೆಯ ಅರ್ಥವೇ ಬದಲಾಗುತ್ತದೆ. ಕಡೆಗೆ ಎಚ್‌ಝಡ್ 100, 250, 1000 ಮೂರರಲ್ಲೂ ಬಿಲ್ಡ್ ಮಾಡಿ, ಸಾಧನ ಉತ್ತರಿಸದಂತೆ ತಡೆದು, ಡಿಮೆಸ್ಗ್‌ನಲ್ಲಿ (ಕರ್ನಲ್ ಸಂದೇಶಗಳ ದಾಖಲೆಯಲ್ಲಿ) ಟೈಮ್‌ಔಟ್ ಆಗಲು ಹಿಡಿದ ಸಮಯ ಅಳೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಬಂದರೆ ಕಳಿಸಿ.