ವಿದ್ಯಾರ್ಥಿವೇತನ: ಮೊತ್ತಕ್ಕಿಂತ ಮೊದಲು ಷರತ್ತು ಓದಿ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಮೊತ್ತ. ಅದರಲ್ಲಿ ಕೈಗೆ ಬರುವುದೆಷ್ಟು, ಯಾವಾಗ, ಎಷ್ಟು ವರ್ಷ ಎಂಬುದೆಲ್ಲ ಷರತ್ತುಗಳ ಪುಟದಲ್ಲಿರುತ್ತದೆ. ಅರ್ಜಿ ತುಂಬುವ ಮೊದಲು ಅದನ್ನು ಓದಿ.

ಹಣ ಒಂದೇ ಸಲವೋ, ಪ್ರತಿ ವರ್ಷವೋ? ಪ್ರತಿ ವರ್ಷ ಕೊಡುವವರು ಸಾಮಾನ್ಯವಾಗಿ ನವೀಕರಣಕ್ಕೆ ಕನಿಷ್ಠ ಅಂಕ ಕೇಳುತ್ತಾರೆ. ಒಂದು ವಿಷಯ ಬಾಕಿ ಉಳಿದರೆ, ಕೋರ್ಸ್ ಬದಲಿಸಿದರೆ ನಿಲ್ಲಿಸಿಬಿಡುವವರೂ ಇದ್ದಾರೆ. 'ಶುಲ್ಕ ಮರುಪಾವತಿ' ಎಂದಿದ್ದರೆ ಮೊದಲು ನೀವೇ ಕಟ್ಟಿ, ರಸೀದಿ ಕೊಟ್ಟು, ಆಮೇಲೆ ಕಾಯಬೇಕು. ಮೊದಲ ಕಂತಿಗೆ ಬೇರೆ ದಾರಿ ನೋಡಿಕೊಂಡಿರಲೇಬೇಕು. ಮೊತ್ತದೊಳಗೆ ಏನೇನು ಸೇರಿದೆ ಎಂಬುದನ್ನೂ ನೋಡಿ. ಸ್ನಾತಕೋತ್ತರ ಓದಿಗಿರುವ ಐರೋಪ್ಯ ಒಕ್ಕೂಟದ ವಿದ್ಯಾರ್ಥಿವೇತನ ಎರಾಸ್ಮಸ್ ಮುಂಡಸ್ ತಿಂಗಳಿಗೆ 1,400 ಯೂರೊ ಕೊಡುತ್ತದೆ, ಆದರೆ ಪ್ರಯಾಣ, ವೀಸಾ, ಊಟ, ವಸತಿ ಎಲ್ಲವೂ ಅದರಲ್ಲೇ ಆಗಬೇಕು.

ಹೆಚ್ಚಿನವರು ಗಮನಿಸದ ಷರತ್ತು ಇನ್ನೊಂದಿದೆ. ಹೊರಗಿನಿಂದ ವಿದ್ಯಾರ್ಥಿವೇತನ ಬಂದರೆ ಕೆಲವು ಕಾಲೇಜುಗಳು ತಾವು ಕೊಡುತ್ತಿದ್ದ ನೆರವನ್ನು ಅಷ್ಟೇ ಕಡಿಮೆ ಮಾಡುತ್ತವೆ. ಆಗ ಹಣ ಉಳಿಯುವುದು ಕಾಲೇಜಿಗೆ, ನಿಮಗಲ್ಲ. ಒಪ್ಪಿಗೆ ಕೊಡುವ ಮೊದಲೇ ಆರ್ಥಿಕ ನೆರವಿನ ವಿಭಾಗಕ್ಕೆ ಇಮೇಲ್ ಬರೆದು, ಕಡಿತ ಮಾಡುವುದಾದರೆ ಮೊದಲು ಆ ನೆರವಿನಲ್ಲಿ ಸಾಲವಾಗಿ ಕೊಡುವ ಭಾಗದಲ್ಲಿ ಮಾಡಲಾಗುತ್ತದೆಯೇ ಎಂದು ಕೇಳಿ. ಉತ್ತರ ಬರಹದಲ್ಲೇ ಇರಲಿ.

ಹುಡುಕಾಟ ಹತ್ತಿರದಿಂದ ಶುರುವಾಗಲಿ: ಸೇರಲಿರುವ ಕಾಲೇಜು, ಅಲ್ಲಿನ ನಿಮ್ಮ ವಿಭಾಗ, ತಂದೆತಾಯಿ ಕೆಲಸ ಮಾಡುವ ಸಂಸ್ಥೆ, ಅವರ ಕಾರ್ಮಿಕ ಸಂಘ, ನೀವು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ. ಇವು ಕೊಡುವುದು ಸಣ್ಣ ಮೊತ್ತವಿರಬಹುದು, ಆದರೆ ಅರ್ಹರೇ ಕೆಲವರಾದ್ದರಿಂದ ಪೈಪೋಟಿ ಕಡಿಮೆ. ಸರ್ಕಾರದ ಯೋಜನೆಗಳು ಆಮೇಲೆ, ದೇಶವಿಡೀ ಹೆಸರಾದ ಪ್ರತಿಷ್ಠಾನಗಳು ಕೊನೆಗೆ. ಅಂತರ್ಜಾಲದಲ್ಲಿ 'ಸ್ಕಾಲರ್‌ಶಿಪ್' ಎಂದಷ್ಟೇ ಹುಡುಕಿದರೆ ಅರ್ಧ ಕೈತಪ್ಪುತ್ತದೆ. ಬರ್ಸರಿ, ಗ್ರ್ಯಾಂಟ್, ಶುಲ್ಕ ವಿನಾಯಿತಿ ಎಂದೂ ಹುಡುಕಿ. ಅರ್ಜಿಗೇ ಶುಲ್ಕ ಕೇಳಿ 'ಖಂಡಿತ ಸಿಗುತ್ತದೆ' ಎನ್ನುವವರು ಮೋಸಗಾರರು, ಎರಡನೇ ಯೋಚನೆ ಬೇಡ.

ಕಾಲೇಜು ಸೇರುವ ಒಂದು ವರ್ಷ ಮೊದಲೇ ಒಂದು ಪಟ್ಟಿ ಮಾಡಿಕೊಳ್ಳಿ. ಅದರಲ್ಲಿ ಕೊನೆಯ ದಿನಾಂಕ, ಮೊತ್ತ, ನವೀಕರಣದ ಷರತ್ತು, ಬೇಕಾದ ದಾಖಲೆಗಳಿರಲಿ. ಸಂಸ್ಥೆ ಬೇರೆ ದೇಶದ್ದಾದರೆ ಅಲ್ಲಿನ ಗಡುವಿನ ಗಂಟೆಯನ್ನು ನಿಮ್ಮ ಗಡಿಯಾರಕ್ಕೆ ಬದಲಿಸಿ ಬರೆದುಕೊಳ್ಳಿ.

ಅರ್ಜಿ ಕೆಡುವುದು ಬಹುಪಾಲು ಚಿಲ್ಲರೆ ಕಾರಣಗಳಿಗೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು. ಅವಧಿ ಮುಗಿದ ಆದಾಯ ಪ್ರಮಾಣಪತ್ರ. ಒಂದು ಪ್ರಬಂಧವನ್ನೇ ಎಲ್ಲ ಕಡೆಗೆ ತಿದ್ದಿ ಕಳಿಸುವುದು ತಪ್ಪಲ್ಲ, ಹಿಂದಿನ ಸಂಸ್ಥೆಯ ಹೆಸರು ಅದರಲ್ಲೇ ಉಳಿದಿದ್ದರೆ ಮಾತ್ರ ಕಥೆ ಮುಗಿಯಿತು.

ಶಿಫಾರಸು ಪತ್ರಕ್ಕೆ ಅಧ್ಯಾಪಕರಿಗೆ ಮೂರ್ನಾಲ್ಕು ವಾರ ಸಮಯ ಕೊಡಿ. ಗಡುವು, ಯೋಜನೆಯ ಉದ್ದೇಶ, ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಕೊಟ್ಟರೆ ಪತ್ರಕ್ಕೆ ಜೀವ ಬರುತ್ತದೆ. ಎಷ್ಟೋ ಕಡೆ ಅವರೇ ಅಪ್‌ಲೋಡ್ ಮಾಡಬೇಕು, ಅದರ ಲಿಂಕ್ ಸ್ಪ್ಯಾಮ್‌ಗೆ ಹೋಗಿ ಕೂತಿರುತ್ತದೆ. ಒಂದು ವಾರ ಮೊದಲು ವಿನಯದಿಂದ ನೆನಪಿಸಿ. ನಿಮ್ಮ ಭಾಗವನ್ನು ಗಡುವಿಗೆ ಎರಡು ದಿನ ಮೊದಲೇ ಸಲ್ಲಿಸಿ, ಸ್ವೀಕೃತಿ ಸಂಖ್ಯೆ ಬಂತೇ ನೋಡಿ. ಬಂದಿಲ್ಲವೆಂದರೆ ಅರ್ಜಿ ಇನ್ನೂ ಡ್ರಾಫ್ಟ್‌ನಲ್ಲೇ ಉಳಿದಿರಬಹುದು.